ಎಡಗೈ ನಾನ್

"ಯಾರ್ರೀ ಈ ಓವನ್ನಿಗೆ ಶತ್ರು?"

ಅಡುಗೆಮನೆಯಲ್ಲಿ ಮಂಡಿಯೂರಿ, ಓವನ್ನಿನೊಳಗೆ ಅರ್ಧ ತಲೆ ತೂರಿಸಿ ಕೂತಿದ್ದ ಮೆಕ್ಯಾನಿಕ್ ಬಾಯಿಂದ ಬಂದ ಮೊದಲ ಮಾತೇ ಅದು. ಏನಾಗಿದೆ ಮೇಡಂ ಎಂದು ಕೇಳಲಿಲ್ಲ, ಯಾವಾಗಿನಿಂದ ಎಂದೂ ಕೇಳಲಿಲ್ಲ. ನೇರವಾಗಿ ಶತ್ರು!

ಹಿಂದೆ ನಿಂತಿದ್ದವಳಿಗೆ ಮೈಯೆಲ್ಲ ಉರಿದುಹೋಯಿತು. ಬೋಗುಣಿ ತುಂಬ ಹಿಟ್ಟು ಉಬ್ಬಿ ಕೂತಿದೆ. ಮಧ್ಯಾಹ್ನದ ಊಟಕ್ಕೆ ಎದುರು ಬೀದಿಯ ಆಫೀಸಿಗೆ ಡಬ್ಬಿಗಳು ಹೋಗಬೇಕು. ಓವನ್ ನೋಡಿದರೆ ಐಸಿನ ಹಾಗೆ ತಣ್ಣಗಿದೆ. ಇವನಿಗೆ ಈಗ ಶತ್ರುವಿನ ವಿಚಾರಣೆ ಬೇಕಾಗಿದೆ!

"ನಾನೇ. ಏನೀಗ?" ಎಂದಳು ಸೊಂಟಕ್ಕೆ ಕೈಯಿಟ್ಟು.

ಇವಳನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಸಾಸಿವೆ ಎಂದು. ಎಣ್ಣೆ ಕಾದರೆ ಸಾಕು, ಚಟಪಟ ಸಿಡಿಯುತ್ತಾಳೆಂದು ಅಕ್ಕ ಇಟ್ಟ ಹೆಸರು. ಆವತ್ತಂತೂ ಎಣ್ಣೆ ಚೆನ್ನಾಗಿಯೇ ಕಾದಿತ್ತು.

ಮೆಕ್ಯಾನಿಕ್ ತಲೆ ಹೊರಗೆ ತೆಗೆದ. ಕೆನ್ನೆಗೆ ಮಸಿ. ಕೈಯಲ್ಲಿ ಭಾರದ ಕಬ್ಬಿಣದ ತವಾ.

"ಇದು ಒಳಗೆ ಯಾಕಿತ್ತು? ಅದೂ ಬೋರಲು? ಅದೂ ಮೇಲಿನ ಕಾಯಿಲ್‌ಗೆ ಮುತ್ತಿಡೋ ಹಾಗೆ?"

"ನಾನ್ ಸುಡೋಕೆ."

"ನೀವೇ ಸುಡೋದು ಅಂತ ಗೊತ್ತಾಯ್ತು ರೀ. ಏನು ಸುಡ್ತೀರಿ ಅಂತ ಕೇಳಿದೆ."

"ನಾನ್!"

"ಅದೇ, ನೀವೇ... ಆದ್ರೆ ಏನು?"

ಬಾಗಿಲಿಗೆ ಒರಗಿ ನಿಂತಿದ್ದ ಅತ್ತೆಗೆ ಇನ್ನು ನಗು ತಡೆಯಲಾಗಲಿಲ್ಲ. ಸಾಸಿವೆಯ ಅಪ್ಪನ ತಂಗಿ ಆಕೆ. ಇಬ್ಬರೇ ಇರುವುದು ಆ ಎರಡನೇ ಮಹಡಿಯ ಪುಟ್ಟ ಮನೆಯಲ್ಲಿ. "ತಿನ್ನೋ ನಾನ್ ಕಣಪ್ಪಾ! ಮೈದಾ ಹಿಟ್ಟಿಂದು! ಇವಳು ಇವಳನ್ನೇ ಯಾಕೆ ಸುಟ್ಕೋತಾಳೆ?"

ಮೆಕ್ಯಾನಿಕ್ ಒಂದು ಕ್ಷಣ ಪಿಳಿಪಿಳಿ ಕಣ್ಣು ಬಿಟ್ಟ. ಆಮೇಲೆ ನಕ್ಕ ನೋಡಿ... ಮಸಿ ಹತ್ತಿದ ಆ ಕೆನ್ನೆಯಲ್ಲಿ ಒಂದು ಗುಳಿ ಬಿತ್ತು. ಸಾಸಿವೆ ತಟ್ಟನೆ ಮುಖ ಆಚೆ ತಿರುಗಿಸಿದಳು. ಸಿಟ್ಟು ಬಂದಿರುವಾಗ ಗುಳಿ ನೋಡಬಾರದು, ಸಿಟ್ಟು ಕೆಡುತ್ತದೆ!

ಹೊಸ ಕಾಯಿಲ್ ಹಾಕಿ, ತವಾವನ್ನು ಅವನೇ ಜಾಲರಿಯ ಮೇಲೆ ಬೋರಲು ಹಾಕಿದ. ಆದರೆ ಅವಳು ಇಡುತ್ತಿದ್ದುದಕ್ಕಿಂತ ಒಂದು ಸಾಲು ಕೆಳಗೆ. "ಇಷ್ಟು ಜಾಗ ಬಿಡಿ. ಕಾಯಿಲ್‌ಗೂ ಉಸಿರಾಡೋಕೆ ಬೇಕು."

"ಹಾಗಿಟ್ರೆ ಮೇಲೆ ಕೆಂಪಾಗಲ್ಲ."

"ಆಗುತ್ತೆ. ಆಗಲಿಲ್ಲಾಂದ್ರೆ ಇವತ್ತಿನ ಕೆಲಸ ಪುಕ್ಕಟೆ."

ಪುಕ್ಕಟೆ ಎಂದ ಮೇಲೆ ನೋಡಿಯೇಬಿಡೋಣ ಎಂದು ಅವಳು ಹಿಟ್ಟಿಗೆ ಕೈ ಹಾಕಿದಳು. ಉಂಡೆ ಲಟ್ಟಿಸಿ, ಒಂದು ಬದಿಗೆ ನೀರು ಸವರಿ, ಒದ್ದೆ ಬದಿಯನ್ನು ಕೆಂಡದಂತೆ ಕಾದ ತವಾದ ಬೆನ್ನಿಗೆ ತಟ್ಟಿದಳು. ಚುಂಯ್! ನಾನ್ ಕಚ್ಚಿಕೊಂಡಿತು. ಗಾಜಿನ ಬಾಗಿಲಾಚೆ ಬಿಳಿ ಮೈ ಉಸಿರು ತುಂಬಿಕೊಂಡು ಉಬ್ಬಿ, ಅಲ್ಲಲ್ಲಿ ಕಂದು ಚುಕ್ಕೆ ಹೊತ್ತು ನಿಂತಿತು.

ಹಿಂದಿಗಿಂತ ಚೆನ್ನಾಗಿಯೇ ಕೆಂಪಾಗಿತ್ತು. ಅದನ್ನು ಒಪ್ಪಿಕೊಳ್ಳಲು ಅವಳಿಗೆ ಜೀವ ಹೋದಷ್ಟು ಕಷ್ಟವಾಯಿತು.

"ಪರವಾಗಿಲ್ಲ," ಎಂದಳು.

ಅವನು ಬೆಣ್ಣೆ ಸವರಿದ ಚೂರೊಂದನ್ನು ಬಾಯಿಗಿಟ್ಟ. ಕಣ್ಣು ಮುಚ್ಚಿದ. ಮತ್ತೆ ತೆರೆದಾಗ ನೋಡಿದ್ದು ಓವನ್ನನ್ನಲ್ಲ, ಅವಳನ್ನು. "ಇಷ್ಟು ವರ್ಷದಿಂದ ಇವನ್ನೆಲ್ಲಾ ರಿಪೇರಿ ಮಾಡ್ತಿದೀನಿ. ಇದರೊಳಗೆ ಇಂಥದ್ದೊಂದು ಆಗುತ್ತೆ ಅಂತ ಗೊತ್ತೇ ಇರಲಿಲ್ಲ."

ಸಾಸಿವೆ ಇನ್ನೊಂದು ಚೂರಿಗೆ ಬೆಣ್ಣೆ ಸವರಿ ಅವನ ಮುಂದಿಟ್ಟಳು. ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ಗೊತ್ತಿಲ್ಲ!

*

ಆಮೇಲೆ ಆ ಓವನ್ನಿಗೆ ಬಂದಷ್ಟು ಕಾಯಿಲೆ ಬೇರೆ ಯಾವ ಓವನ್ನಿಗೂ ಬಂದಿರಲಿಕ್ಕಿಲ್ಲ! ಬಾಗಿಲ ರಬ್ಬರ್ ನೋಡಬೇಕೆಂದು ಒಮ್ಮೆ ಬಂದ. ಕಾವು ಸರಿಯಾಗಿ ಏರುತ್ತಿದೆಯೇ ಪರೀಕ್ಷಿಸಬೇಕೆಂದು ಇನ್ನೊಮ್ಮೆ. ಕೊನೆಗೆ ನೆಪಗಳೆಲ್ಲ ಖರ್ಚಾಗಿ, ಅಂಗಡಿಯ ಕೆಲಸ ಮುಗಿಸಿ ಸುಮ್ಮನೆ ಬಂದು ನಿಂತ.

"ಇವತ್ತು ಏನು ಕೆಟ್ಟಿದೆ ಸ್ಪ್ಯಾನರ್ ಸಾಹೇಬ್ರೇ?" ಎಂದರು ಅತ್ತೆ.

"ಏನೂ ಕೆಟ್ಟಿಲ್ಲ ಅತ್ತೆ. ಅದನ್ನೇ ನೋಡ್ಕೊಂಡು ಹೋಗೋಣ ಅಂತ ಬಂದೆ."

ಅತ್ತೆ ಸಾಸಿವೆಯತ್ತ ನೋಡಿ ಹುಬ್ಬು ಹಾರಿಸಿ, ಟಿವಿಯ ಮುಂದೆ ಹೋಗಿ ಕೂತರು. ಟಿವಿ ಹಚ್ಚಿರಲೇ ಇಲ್ಲ.

ಅವನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ಹಿಟ್ಟಿಗೆ ಮೊಸರು ಎಷ್ಟು, ಒದ್ದೆ ಬಟ್ಟೆ ಮುಚ್ಚಿ ಎಷ್ಟು ಹೊತ್ತು ಬಿಡಬೇಕು, ತವಾ ಕಾದಿದೆಯೆಂದು ತಿಳಿಯುವುದು ಹೇಗೆ... ಕೇಳುತ್ತಲೇ ಇರುತ್ತಿದ್ದ. ಒಂದು ಸಂಜೆ ತಾನೂ ಒಂದು ತಟ್ಟಿದ. ಅರ್ಧ ತವಾಕ್ಕೆ, ಅರ್ಧ ಓವನ್ನಿನ ಗೋಡೆಗೆ!

"ನಿಮ್ಮ ಕೈಲಿ ಸ್ಪ್ಯಾನರೇ ಇರಲಿ!" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಕಲಿಸಿದವರು ಸರಿಯಿಲ್ಲ."

"ಅಬ್ಬಾ! ಎಷ್ಟು ಧೈರ್ಯ!"

ಆ ನಗುವಿನ ನಡುವೆಯೇ, ಏಕೆ ಹೇಳಿದಳೋ, ಅವಳು ಹೇಳಿಬಿಟ್ಟಳು. ಅಕ್ಕನಿಗೆ ಚಿಕ್ಕದಾದ ಅಂಗಿ ಇವಳಿಗೆ. ಅಕ್ಕ ಓದಿ ಮುಗಿಸಿದ ಪುಸ್ತಕ ಇವಳಿಗೆ. ಅಕ್ಕನ ಸೈಕಲ್, ಅಕ್ಕನ ಮಂಚ, ಶಾಲೆಯಲ್ಲೂ ಅಕ್ಕನ ಹೆಸರು ಹೇಳಿಯೇ ಇವಳ ಗುರುತು. ಅಕ್ಕ ಕೆಟ್ಟವಳಲ್ಲ, ಪಾಪ. ಮೊದಲು ಹುಟ್ಟಿದ್ದಳು, ಅಷ್ಟೇ.

"ಇದೊಂದೇ ನಾನೇ ಮೊದಲು ಮಾಡಿದ್ದು," ಎಂದಳು ಬೋರಲು ಬಿದ್ದ ತವಾದ ಕಡೆ ಕೈತೋರಿಸಿ. "ಎಷ್ಟು ಹಿಟ್ಟು ಹಾಳಾಯ್ತು ಗೊತ್ತಾ? ಹಪ್ಪಳದ ಹಾಗಾಗೋದು, ಬಿಸ್ಕತ್ತಿನ ಹಾಗಾಗೋದು... ಅತ್ತೆ ಅವನ್ನೆಲ್ಲಾ ಚಹಾದಲ್ಲಿ ಅದ್ದಿಕೊಂಡು ತಿಂದ್ರು, ಪುಣ್ಯಾತ್ಗಿತ್ತಿ. ಬೋರಲು ಹಾಕಿ ನೋಡೋಣ ಅಂತ ನನಗೇ ಹೊಳೆದಿದ್ದು. ಯಾರಿಗೂ ತೋರಿಸಿಲ್ಲ ನಾನು. ಅತ್ತೆ ಬಿಟ್ರೆ ನೀವೇ."

ಅವನು ನಗಲಿಲ್ಲ. "ನನ್ನ ಬಾಯಿಂದ ಹೊರಗೆ ಹೋಗಲ್ಲ."

"ಮಾತು?"

"ಮಾತು."

ಎಷ್ಟು ಸುಲಭವಾಗಿ ಕೊಟ್ಟ! ಎಷ್ಟು ಸುಲಭವಾಗಿ ನಂಬಿದಳು! ಆವತ್ತು ಅವನು ಮೆಟ್ಟಿಲಿಳಿದು ಹೋದ ಮೇಲೂ ಅವಳು ಬಾಗಿಲಲ್ಲೇ ನಿಂತಿದ್ದಳು. ಕೆಳಗಿನ ಗೇಟು ಹಾಕಿಕೊಂಡ ಸದ್ದು ಕೇಳುವವರೆಗೂ.

'ಇವನೂ ಅಷ್ಟೇ... ನನಗೇ ಮೊದಲು ಸಿಕ್ಕವನು,' ಎಂದುಕೊಂಡಳು ಮನಸ್ಸಿನಲ್ಲೇ. ತನ್ನ ಯೋಚನೆಗೆ ತಾನೇ ನಾಚಿ, ಬೋಗುಣಿ ತಿಕ್ಕಲು ಹೋದಳು. ತೊಳೆದಿಟ್ಟ ಬೋಗುಣಿಯನ್ನೇ!

*

ಅಕ್ಕ ಬಂದದ್ದು ಒಂದು ಮಧ್ಯಾಹ್ನ. ಕೈಯಲ್ಲೊಂದು ಡಬ್ಬಿ, ಮುಖದಲ್ಲಿ ಊರಿಗೆಲ್ಲ ಹಂಚಿ ಮಿಗುವಷ್ಟು ಸಂಭ್ರಮ.

"ಸಾಸಿವೇ, ಕಣ್ಣು ಮುಚ್ಕೊಂಡು ಬಾಯಿ ತೆಗಿ!"

ಬಾಯಿಗೆ ಬಿದ್ದದ್ದು ನಾನ್. ಮೆತ್ತಗಿತ್ತು, ಮೇಲೆ ಕಂದು ಚುಕ್ಕೆ, ತಳದಲ್ಲಿ ಕಬ್ಬಿಣದ ಮೇಲೆ ಸುಟ್ಟ ಆ ಒಂದು ಪರಿಮಳ. ಸಾಸಿವೆ ಅಗಿಯುವುದನ್ನು ನಿಲ್ಲಿಸಿದಳು.

"ಎಲ್ಲಿಂದ ತಂದೆ ಅಕ್ಕಾ?"

"ತಂದಿದ್ದೇನು? ನಾನೇ ಮಾಡಿದ್ದು! ಹೊಸ ಓವನ್ ತಗೊಂಡ್ವಲ್ಲ, ಆ ಮೂಲೆ ಅಂಗಡೀಲಿ ಪ್ರತಿ ಭಾನುವಾರ ಕಲಿಸ್ತಾರೆ ಕಣೇ. ಜನ ಅಂದ್ರೆ ಜನ! ಭಾರದ ತವಾ ಬೋರಲು ಹಾಕಿ ಕಾಯಿಸ್ಬೇಕು, ಒಂದು ಕಡೆ ನೀರು ಸವರ್ಬೇಕು, ಆಮೇಲೆ ಹೀಗೆ ಎಡಗೈಯಲ್ಲಿ..." ಅಕ್ಕ ಎಡಗೈ ಎತ್ತಿ ಗಾಳಿಯಲ್ಲಿ ತಟ್ಟಿ ತೋರಿಸಿದಳು.

"ಎಡಗೈಯಲ್ಲಿ?"

"ಹೂಂ ಮತ್ತೆ! ಎಡಗೈಯಲ್ಲೇ ತಟ್ಟಬೇಕಂತೆ, ಇಲ್ಲಾಂದ್ರೆ ಸರಿಯಾಗಿ ಅಂಟಲ್ವಂತೆ. ನನಗೆ ಅಭ್ಯಾಸ ಆಗೋಕೆ ಎಷ್ಟು ಒದ್ದಾಡಿದೆ ಗೊತ್ತಾ? ಕೈ ಸುಟ್ಕೊಂಡೆ. ಅಲ್ಲಿ ಬಂದಿದ್ದ ಹೆಂಗಸರೆಲ್ಲಾ ಎಡಗೈಯಲ್ಲೇ ತಟ್ತಾ ಇದ್ರು, ನೋಡೋಕೆ ಒಳ್ಳೇ ತಮಾಷೆ!"

ಸಾಸಿವೆ ತನ್ನ ಎಡಗೈ ನೋಡಿಕೊಂಡಳು.

ಹುಟ್ಟಿದಾಗಿನಿಂದ ಅವಳದ್ದು ಎಡಗೈ. ಬರೆಯುವುದು, ಹೆಚ್ಚುವುದು, ಲಟ್ಟಿಸುವುದು, ತಟ್ಟುವುದು... ಎಲ್ಲ ಎಡಗೈ. ನಾನ್ ತವಾಕ್ಕೆ ಅಂಟುವುದಕ್ಕೂ ಎಡಗೈಗೂ ಯಾವ ಸಂಬಂಧವೂ ಇಲ್ಲ. ಅವಳು ಎಡಗೈಯವಳು, ಅದಕ್ಕೇ ಎಡಗೈಯಲ್ಲಿ ತಟ್ಟುತ್ತಾಳೆ, ಅಷ್ಟೇ! ಅವಳನ್ನೇ ನೋಡಿ ಕಲಿತವನು ಮಾತ್ರ ಆ ತಪ್ಪು ಮಾಡಲು ಸಾಧ್ಯ.

"ಯಾರು... ಯಾರು ಕಲಿಸೋದು ಅಲ್ಲಿ?"

"ರಿಪೇರಿಯವರು ಯಾರೋ. ಚೆನ್ನಾಗಿ ಮಾತಾಡ್ತಾರೆ. ನಕ್ಕರೆ ಕೆನ್ನೇಲಿ ಗುಳಿ ಬೀಳುತ್ತೆ. ಯಾಕೇ? ಮುಖ ಯಾಕೆ ಹಾಗಾಯ್ತು? ಚೆನ್ನಾಗಿಲ್ವಾ?"

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕಲ್ಲಿನಂತೆ ನಿಂತಿದ್ದರು.

"ಚೆನ್ನಾಗಿದೆ ಅಕ್ಕ," ಎಂದಳು ಸಾಸಿವೆ. "ತುಂಬಾ ಚೆನ್ನಾಗಿದೆ."

ಇಷ್ಟು ಕಾಲ ಅಕ್ಕ ಬಿಟ್ಟದ್ದು ತಂಗಿಗೆ ಬರುತ್ತಿತ್ತು. ತಂಗಿಯದ್ದೆಂದು ಒಂದೇ ಒಂದಿತ್ತು. ಅದೂ ಅಂಗಡಿಯ ಕಟ್ಟೆ ಹತ್ತಿ, ಎಲ್ಲರ ಕೈ ದಾಟಿ, ಅಕ್ಕನ ಡಬ್ಬಿಯಲ್ಲಿ ಕೂತು ಮನೆಗೆ ಬಂದಿತ್ತು. ಬಾಯಿಯಲ್ಲಿದ್ದ ತುತ್ತು ನುಂಗುವುದಕ್ಕೂ ಆಗಲಿಲ್ಲ, ಉಗಿಯುವುದಕ್ಕೂ ಆಗಲಿಲ್ಲ.

*

ಆವತ್ತು ಸಂಜೆ ಅವನು ಎಂದಿನಂತೆಯೇ ಬಂದ. ಎಂದಿನಂತೆಯೇ ನಕ್ಕ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಭಾನುವಾರ ನಿಮಗೆ ರಜೆ ಇರಲ್ಲ ಅಂದಿದ್ರಿ. ಏನು ಕೆಲಸ ಇರುತ್ತೆ ಅಂಗಡೀಲಿ?"

ಗುಳಿ ಮಾಯವಾಯಿತು. ಅಷ್ಟು ಸಾಕಾಗಿತ್ತು ಅವಳಿಗೆ. ಆದರೂ, ಇಲ್ಲ ಎನ್ನಲಿ, ಬೇರೆ ಯಾರೋ ಎನ್ನಲಿ, ಏನಾದರೂ ಒಂದು ಸುಳ್ಳು ಹೇಳಲಿ ಎಂದು ಅವಳ ಹಾಳು ಮನಸ್ಸು ಇನ್ನೂ ಕಾಯುತ್ತಿತ್ತು...

"ಗೊತ್ತಾಯ್ತಾ?" ಎಂದ ಅವನು ಮೆಲ್ಲಗೆ.

"ನೀವು ಬಲಗೈಯವರು. ಜನಕ್ಕೆ ಎಡಗೈಯಲ್ಲಿ ತಟ್ಟಿ ಅಂತ ಯಾಕೆ ಹೇಳಿಕೊಟ್ರಿ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹಾಗೇ ಅಲ್ವಾ ತಟ್ಟೋದು?" ಎಂದ. ಎಂದವನು ತನ್ನ ಎಡಗೈ ನೋಡಿಕೊಂಡ. ಅವಳ ಎಡಗೈ ನೋಡಿದ. ಆಗ ಹೊಳೆಯಿತು, ಪಾಪ! ಅವನು ಅಡುಗೆ ಕಲಿತಿರಲೇ ಇಲ್ಲ, ಅವಳ ಕೈಯನ್ನಷ್ಟೇ ನೋಡುತ್ತ ಕೂತಿದ್ದ.

ಬೇರೆ ದಿನವಾಗಿದ್ದರೆ ಸಾಸಿವೆ ಬಿದ್ದು ಬಿದ್ದು ನಗುತ್ತಿದ್ದಳು. ಆವತ್ತು ನಗುವಿನ ಜಾಗದಲ್ಲಿ ಅಳು ಉಕ್ಕಿತು.

"ಮಾತು ಅಂದಿದ್ರಿ ನೀವು!"

"ಅಂದಿದ್ದೆ."

"ಮತ್ತೆ?"

"ಒಬ್ಬರು ಓವನ್ ವಾಪಸ್ ತಂದಿದ್ರು. ಇದರಲ್ಲಿ ಕೇಕ್ ಬಿಟ್ರೆ ಏನೂ ಆಗಲ್ಲ ಅಂತ ನಮ್ಮ ಅಂಗಡಿ ಯಜಮಾನರ ಮೇಲೆ ಕೂಗಾಡ್ತಿದ್ರು. ಯಾಕಾಗಲ್ಲ ಅಂತ... ತೋರಿಸಿಬಿಟ್ಟೆ. ಅಲ್ಲಿದ್ದವರೆಲ್ಲಾ ಚಪ್ಪಾಳೆ ತಟ್ಟಿದ್ರು. ಮಾರನೇ ವಾರ ಯಜಮಾನರು, ಭಾನುವಾರ ನಾನ್ ಕಲಿಸ್ತೀವಿ ಅಂತ ಬೋರ್ಡ್ ಹಾಕಿಸಿದ್ರು. ಯಜಮಾನರು ಬಲವಂತ ಮಾಡಿದ್ರು ಅಂತ ಹೇಳಬಹುದು ನಾನು. ಆದ್ರೆ ಅದು ನಿಜ ಅಲ್ಲ. ಆ ಚಪ್ಪಾಳೆ ಚೆನ್ನಾಗಿತ್ತು. ಕೆಟ್ಟಿದ್ದನ್ನ ರಿಪೇರಿ ಮಾಡೋನಿಗೆ ಯಾರು ತಟ್ತಾರೆ ಚಪ್ಪಾಳೆ?"

"ಆ ಚಪ್ಪಾಳೆ ನನ್ನದಾಗಿತ್ತು," ಎಂದಳು ಅವಳು.

ಅವನು ತಲೆ ತಗ್ಗಿಸಿದ.

"ಒಂದೇ ಒಂದು ಸಲ ಕೇಳಬಹುದಿತ್ತಲ್ಲ ನನ್ನನ್ನ? ಇಲ್ಲೇ, ಈ ಸ್ಟೂಲ್ ಮೇಲೇ ಕೂತಿರ್ತಿದ್ರಲ್ಲ ದಿನಾ! ಕಲಿಸಲಾ ಅಂತ ಒಂದು ಮಾತು?"

"ಕೇಳಿದ್ರೆ ಬೇಡ ಅಂತಿದ್ರಿ."

"ಅದಕ್ಕೇ?"

"ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ."

ಎಷ್ಟು ನೇರವಾಗಿ ಹೇಳಿದ! ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಈ ನಿಜದ ಜೊತೆ ಏನು ಮಾಡುವುದು? ಅವಳ 'ಬೇಡ' ಅವನಿಗೆ ಮೊದಲೇ ಕೇಳಿಸಿತ್ತು. ಕೇಳಿಸಿಯೂ ಅದನ್ನು ದಾಟಿ ಹೋಗಿದ್ದ. ಮೋಸ ಅಂದರೆ ಇದೇ ಅಲ್ಲವೇ?

"ಹೋಗಿ," ಎಂದಳು. ಸಿಡಿಯಲಿಲ್ಲ, ಕೂಗಲಿಲ್ಲ.

"ಒಂದು ಮಾತು..."

"ದಯವಿಟ್ಟು ಹೋಗಿ."

ಬಾಗಿಲು ಹಾಕಿ ಅದಕ್ಕೇ ಬೆನ್ನು ಕೊಟ್ಟು ಕೂತುಬಿಟ್ಟಳು. ಈ ಸಲ ಕೆಳಗಿನ ಗೇಟಿನ ಸದ್ದು ಕೇಳಬಾರದೆಂದು ಎರಡೂ ಕಿವಿ ಮುಚ್ಚಿಕೊಂಡಳು.

*

ಆಫೀಸಿನ ಡಬ್ಬಿಗಳು ಒಂದೊಂದಾಗಿ ಕಡಿಮೆಯಾದವು. "ನಮ್ಮನೇಲೇ ಮಾಡ್ತಾರೆ ಈಗ, ಬೇಜಾರು ಮಾಡ್ಕೋಬೇಡಿ," ಎಂದು ಒಬ್ಬರು ಫೋನಿನಲ್ಲಿ ನಯವಾಗಿ ಹೇಳಿದರು. ಬೇಜಾರೇನೂ ಇಲ್ಲ ಎಂದು ಇವಳೂ ಅಷ್ಟೇ ನಯವಾಗಿ ಹೇಳಿದಳು. ಫೋನಿಟ್ಟು ದಿಂಬಿಗೆ ಮುಖ ಒತ್ತಿಕೊಂಡಳು.

ಡಬ್ಬಿ ಹೋದರೆ ಹೋಗಲಿ, ಬೇರೆ ಏನಾದರೂ ಮಾಡಿ ಬದುಕಬಹುದು. ಆದರೆ ತವಾ ಮುಟ್ಟಿದರೆ ಸಾಕು, ಅವನ ನಗು ನೆನಪಾಗುತ್ತಿತ್ತು. ನಗು ನೆನಪಾದರೆ ಯಾವುದೋ ಅಂಗಡಿಯಲ್ಲಿ ಚಪ್ಪಾಳೆ ತಟ್ಟುವ ಕೈಗಳು ಕಾಣುತ್ತಿದ್ದವು. ಎಲ್ಲವೂ ಎಡಗೈಗಳು! 'ನಾನು ಹೇಳಿದ್ದನ್ನೆಲ್ಲಾ ಅಲ್ಲಿ ಹೇಳಿರಬಹುದಾ? ಅಕ್ಕನ ಅಂಗಿ, ಅಕ್ಕನ ಸೈಕಲ್... ಅದನ್ನೂ ಹೇಳಿ ನಗಿಸಿರಬಹುದಾ?' ಹಾಗೆ ಮಾಡುವವನಲ್ಲ ಎಂದು ಮನಸ್ಸು ಹೇಳುತ್ತಿತ್ತು. ಮಾತು ತಪ್ಪುವವನೂ ಅಲ್ಲ ಎಂದು ಇದೇ ಮನಸ್ಸು ತಾನೇ ಹೇಳಿದ್ದು? ಅವನ ಮೇಲಿನದಕ್ಕಿಂತ ಹೆಚ್ಚು ಕೋಪ ಬರುತ್ತಿದ್ದುದು ಈ ಮನಸ್ಸಿನ ಮೇಲೆ.

ಅತ್ತೆ ಬೇಕರಿಯ ಬ್ರೆಡ್ ತಿಂದು ತಿಂದು ರೋಸಿಹೋಗಿದ್ದರು. ಒಂದು ಭಾನುವಾರ ಬೆಳಿಗ್ಗೆ ತಟ್ಟೆ ಕುಕ್ಕಿದರು.

"ಸಾಕು ಕಣೇ! ಅಳೋದಾದ್ರೆ ಅವನೆದುರಿಗೆ ಹೋಗಿ ಅಳು. ಇಲ್ಲಿ ನಾನೊಬ್ಬಳು ನೋಡಿ ಏನು ಪ್ರಯೋಜನ? ನನ್ನ ತಲೆದಿಂಬೂ ಒದ್ದೆ ಮಾಡಿಟ್ಟಿದೀಯ."

"ನಾನ್ಯಾಕೆ ಹೋಗ್ಲಿ ಅಲ್ಲಿಗೆ?"

"ಬೈಯೋಕೆ! ನಮ್ಮ ಸಾಸಿವೆ ಯಾವಾಗಿನಿಂದ ಸಿಡಿಯೋದು ಬಿಟ್ಟಳು? ನಾಲ್ಕು ಜನರ ಮುಂದೆ ತಗೊಂಡ ಮರ್ಯಾದೆ ಅದು. ನಾಲ್ಕು ಜನರ ಮುಂದೇನೇ ವಾಪಸ್ ಕೇಳು. ನಡಿ, ನಾನೂ ಬರ್ತೀನಿ. ಬ್ಯಾಗ್ ಎಲ್ಲಿಟ್ಟೆ?"

*

ಅಂಗಡಿ ಗಿಜಿಗುಡುತ್ತಿತ್ತು. ಫ್ರಿಜ್‌ಗಳ ಸಾಲಿನಾಚೆ ಮೇಜು, ಮೇಜಿನ ಮೇಲೆ ಹೊಳೆಯುವ ಹೊಸ ಓವನ್. ಮೈಕು ಸಿಕ್ಕಿಸಿಕೊಂಡು ಅವನು ನಿಂತಿದ್ದ. ಪಕ್ಕದಲ್ಲಿ ಅಂಗಡಿಯ ಯಜಮಾನ, ಬಿಲ್ಲಿನ ಮೆಷಿನ್‌ಗಿಂತ ಅಗಲವಾಗಿ ನಗುತ್ತ.

ಅವನು ತುಂಬ ಇಳಿದುಹೋಗಿದ್ದ. ಸಾಸಿವೆಗೆ ಅದು ಮೊದಲು ಕಂಡದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದಿದ್ದಳು. ಮೋಸಗಾರ, ಮಾತುಗೇಡಿ, ಕಳ್ಳ... ಯಾವುದರಿಂದ ಶುರು ಮಾಡಲಿ?

"ತವಾ ಕಾದಿದೆ," ಎನ್ನುತ್ತಿದ್ದ ಅವನು ಮೈಕಿನಲ್ಲಿ. "ಈಗ ಒಂದು ಬದಿಗೆ ನೀರು..."

ಅವಳನ್ನು ನೋಡಿದ. ಮಾತು ನಿಂತಿತು.

ಜನ ಕಾದರು. ಯಜಮಾನ ಕೆಮ್ಮಿದ. ಅವನು ಕೈಯಲ್ಲಿದ್ದ ಹಿಟ್ಟಿನ ಹಾಳೆಯನ್ನು ತಟ್ಟೆಯಲ್ಲಿಟ್ಟ.

"ಒಂದು ವಿಷಯ ಹೇಳಬೇಕು," ಎಂದ. "ಇಷ್ಟು ವಾರ ಇಲ್ಲಿ ಕಲಿಸಿದ್ದು ನನ್ನದಲ್ಲ. ಇದನ್ನ ಕಂಡುಹಿಡಿದವರು ಬೇರೆ. ಯಾರಿಗೂ ಹೇಳಲ್ಲ ಅಂತ ಅವರಿಗೆ ಮಾತು ಕೊಟ್ಟು, ಅವರನ್ನ ಕೇಳದೆ ಇಲ್ಲಿ ತಂದು ಮಾರಿದೆ. ನೀವು ತಟ್ಟಿದ ಚಪ್ಪಾಳೆ ಅವರಿಗೆ ಸೇರಬೇಕಾಗಿತ್ತು."

"ಏಯ್! ಏನಿದೆಲ್ಲ?" ಯಜಮಾನನ ನಗು ಮಡಚಿಕೊಂಡಿತು.

ಅವನು ಆ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟು ಜನರ ನಡುವೆ ಅವಳೊಬ್ಬಳನ್ನೇ ನೋಡುತ್ತ, "ಅವರು ಇಲ್ಲಿಗೇ ಬಂದಿದ್ದಾರೆ. ಅವತ್ತು ಕೇಳಬೇಕಾಗಿದ್ದನ್ನ ಇವತ್ತು ಕೇಳ್ತೀನಿ. ಮುಂದುವರಿಸಲಾ?"

ಅಂಗಡಿಗೆ ಅಂಗಡಿಯೇ ತಿರುಗಿ ನೋಡಿತು. ಎಲ್ಲರ ಮುಖದಲ್ಲೂ ಒಂದೇ ಉತ್ತರದ ನಿರೀಕ್ಷೆ. ಆಯ್ತು ಅನ್ನಮ್ಮಾ, ದೊಡ್ಡ ಮನಸ್ಸು ಮಾಡಮ್ಮಾ, ತವಾ ಕಾದಿದೆ! ಅವಳು ಹೂಂ ಅಂದುಬಿಟ್ಟರೆ ಎಲ್ಲರಿಗೂ ಎಷ್ಟು ಅನುಕೂಲ! ಜೋಡಿಸಿಕೊಂಡಿದ್ದ ಬೈಗುಳಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಬೇಡ," ಎಂದಳು.

"ಅಯ್ಯೋ!" ಎಂದಿತು ಗುಂಪು.

ಅವನು ಕೈ ಚಾಚಿ ಓವನ್ ಆಫ್ ಮಾಡಿದ. ಯಾಕೆ ಎನ್ನಲಿಲ್ಲ. ಇನ್ನೊಮ್ಮೆ ಯೋಚಿಸಿ ಎನ್ನಲಿಲ್ಲ. ಮೈಕು ತೆಗೆದು ಮೇಜಿನ ಮೇಲಿಟ್ಟ.

"ಕೆಲಸ ಬೇಕೋ ಬೇಡವೋ ನಿನಗೆ?" ಯಜಮಾನ ಗುಡುಗಿದ.

"ಅವರು ಬೇಡ ಅಂದ್ರಲ್ಲ ಸಾರ್," ಎಂದ ಅವನು ಸಮಾಧಾನವಾಗಿ. ಅದಕ್ಕಿಂತ ದೊಡ್ಡ ಕಾರಣ ಲೋಕದಲ್ಲೇ ಇಲ್ಲ ಎನ್ನುವ ಹಾಗೆ.

ಸಾಸಿವೆಗೆ ಕಣ್ಣು ಮಂಜಾಯಿತು. ಅವಳು ಬದುಕಿನಲ್ಲಿ ಎಷ್ಟೋ ಸಲ ಬೇಡ ಎಂದಿದ್ದಳು. ಅಕ್ಕನ ಅಂಗಿ ಬೇಡ, ಅಕ್ಕನ ಸೈಕಲ್ ಬೇಡ... ಸಿಡಿದಳು ಎಂದು ನಕ್ಕು ಎಲ್ಲರೂ ತಮ್ಮ ಕೆಲಸ ಮುಂದುವರಿಸಿದ್ದರು. ಒಂದು ಮಾತಿಗೆ ಒಂದು ಇಡೀ ಅಂಗಡಿ ನಿಂತದ್ದು ಇದೇ ಮೊದಲು.

ಹೊರಡುವಾಗ ಹೆಂಗಸೊಬ್ಬರು ಅವಳ ತೋಳು ಹಿಡಿದರು. "ನೀವೇ ಕಲಿಸಬಹುದಲ್ಲಮ್ಮಾ? ನಿಮ್ಮ ಹತ್ರಾನೇ ಕಲೀತೀವಿ."

"ಯೋಚನೆ ಮಾಡಿ ಹೇಳ್ತೀನಿ," ಎಂದಳು ಸಾಸಿವೆ. ಆ ಮಾತು ಬಾಯಿಗೆ ಎಷ್ಟು ರುಚಿಯಾಗಿತ್ತು! ಯೋಚನೆ ಮಾಡುವವಳು ತಾನು, ಹೇಳುವವಳೂ ತಾನೇ.

ಹೊರಗೆ ಬಂದ ಮೇಲೆ ಅತ್ತೆ ಮುಖ ಸಿಂಡರಿಸಿದರು. "ಥೂ! ನನಗೆ ಬೈಯೋಕೆ ಒಂದು ಅವಕಾಶಾನೂ ಕೊಡಲಿಲ್ಲ ಆ ಹುಡುಗ."

*

ಸಂಜೆ ಅವನು ಬಂದ. ಬಾಗಿಲು ತೆರೆದೇ ಇತ್ತು, ಆದರೂ ಹೊರಗೆ ಮೆಟ್ಟಿಲ ಬಳಿಯೇ ನಿಂತ. ಹೆಗಲಲ್ಲಿ ಟೂಲ್ ಬ್ಯಾಗ್.

ಸಾಸಿವೆ ಒಳಗಿನಿಂದ ಬಂದು ನಿಂತಳು. ಇಬ್ಬರ ನಡುವೆ ಹೊಸ್ತಿಲು.

"ಕೆಲಸ?" ಎಂದಳು.

"ಹೋಯ್ತು."

"ಅಯ್ಯೋ..."

"ಅಯ್ಯೋ ಅನ್ನಬೇಡಿ. ಕೆಟ್ಟಿರೋ ಓವನ್ನುಗಳು ಊರ ತುಂಬಾ ಇವೆ." ನಗಲು ನೋಡಿದ, ಆಗಲಿಲ್ಲ. "ಕಲಿತವರಿಂದ ಅದನ್ನ ವಾಪಸ್ ತಂದುಕೊಡೋಕೆ ಆಗಲ್ಲ ನನಗೆ. ಆಗೋ ಹಾಗಿದ್ರೆ ಮನೆಮನೆಗೆ ಹೋಗಿ ತರ್ತಿದ್ದೆ."

"ನಾನು ಬೇಡ ಅಂತೀನಿ ಅಂತ ಗೊತ್ತಿರಲಿಲ್ವಾ ಇವತ್ತು?"

"ಗೊತ್ತಿತ್ತು. ಅದಕ್ಕೇ ಕೇಳಿದೆ."

"ನನಗಿನ್ನೂ ನೋವಿದೆ. ಇವತ್ತು ಒಂದು ದಿನಕ್ಕೆ ಅದು ಹೋಗಲ್ಲ. ಮತ್ತೆ ನಂಬ್ತೀನೋ ಇಲ್ವೋ, ಅದೂ ಗೊತ್ತಿಲ್ಲ."

"ಗೊತ್ತಾಗೋವರೆಗೂ ಇರ್ತೀನಿ. ಒಳಗೆ ಬೇಡ ಅಂದ್ರೆ ಹೊರಗೆ." ಅವನು ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡ. "ನಾನು ನಿಮ್ಮನ್ನ ಪ್ರೀತಿಸ್ತೀನಿ. ಇದಕ್ಕೆ ಉತ್ತರ ಬೇಡ. ಬೇರೆ ಒಂದು ಕೇಳ್ಲಾ?"

"ಏನು?"

"ನಿಮ್ಮನ್ನ... ನೀನು ಅಂತ ಕರೀಬಹುದಾ?"

ಮೆಟ್ಟಿಲ ಮೇಲೆ ಯಾರೋ ಹತ್ತಿ ಹೋದರು. ಒಳಗೆ ಅತ್ತೆ ಉಸಿರು ಬಿಗಿಹಿಡಿದು ಕೂತಿದ್ದರು, ಮತ್ತೆ ಹಚ್ಚದ ಟಿವಿಯ ಮುಂದೆ. ಸಾಸಿವೆ ಅವನ ಮುಖ ನೋಡಿದಳು.

"ಬೇಡ," ಎಂದಳು.

ಅವನ ಕಣ್ಣು ತುಂಬಿತು. ಆದರೂ ತಲೆಯಾಡಿಸಿದ. "ಸರಿ," ಎಂದ. ಇಷ್ಟೇ. ಮೆಲ್ಲಗೆ ತಿರುಗಿ ಒಂದು ಮೆಟ್ಟಿಲು ಇಳಿದ.

"ಎಲ್ಲಿಗೆ ಹೊರಟೆ?"

ಅವನ ಕಾಲು ಅಲ್ಲೇ ನಿಂತಿತು. ಹೊರಟಿರಿ ಅಲ್ಲ, ಹೊರಟೆ! ತಪ್ಪಾಗಿ ಕೇಳಿಸಿತೇನೋ ಎಂದು ಹೆದರುತ್ತಲೇ ತಿರುಗಿದ. "ಏನಂದ್ರಿ?"

"ನೀನು ಕರೆಯೋದು ಬೇಡ ಅಂದೆ." ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ತುಟಿಯ ಮೇಲೆ ನಗು. "ಇದನ್ನಾದ್ರೂ ನಾನು ಮೊದಲು ಮಾಡಬೇಕು ಕಣೋ. ನಾನು ಮೊದಲು ಕರೀತೀನಿ, ಆಮೇಲೆ ನೀನು. ಬಾ ಒಳಗೆ."

ಅವನು ಟೂಲ್ ಬ್ಯಾಗ್ ಅಲ್ಲೇ ಕೆಳಗಿಟ್ಟ. ಎರಡೂ ಕೈಯಿಂದ ಮುಖ ಒರೆಸಿಕೊಂಡ. ಮೆಟ್ಟಿಲು ಹತ್ತಿ, ಹೊಸ್ತಿಲ ತುದಿಗೆ ಬಂದು ನಿಂತ.

"ಬಂದೆ... ರೀ," ಎಂದ.

"ರೀ ಬೇಡ," ಎಂದಳು ಸಾಸಿವೆ.